ಗೃಹಸಾಲದ ಫೇಸ್‌ಬುಕ್ ಲೀಡ್‌ಗಳು ಯಾಕೆ ಲಾಗಿನ್ ಆಗುತ್ತಿಲ್ಲ?

ಪ್ರಶ್ನೆ: ಮೈಸೂರಿನಲ್ಲಿ ಹೋಮ್ ಲೋನ್ ಡಿಎಸ್‌ಎ (ಬ್ಯಾಂಕುಗಳಿಗೆ ಸಾಲದ ಗ್ರಾಹಕರನ್ನು ತಂದುಕೊಡುವ ಏಜೆಂಟ್) ಆಗಿದ್ದೇನೆ. ದಿನಕ್ಕೆ 500 ರೂಪಾಯಿಯಂತೆ 20 ದಿನ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತು ಹಾಕಿದೆ. 140 ಲೀಡ್ (ಆಸಕ್ತಿ ತೋರಿಸಿ ಫಾರ್ಮ್ ತುಂಬಿದವರು) ಬಂತು, ಲಾಗಿನ್ ಆದದ್ದು, ಅಂದರೆ ಬ್ಯಾಂಕಿಗೆ ಅರ್ಜಿ ಸಲ್ಲಿಕೆಯಾದದ್ದು, ಒಂದೇ ಒಂದು. ಅರ್ಧ ಜನ ಫೋನೇ ಎತ್ತಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ:

ನಿಮಗೆ ಒಂದು ಲೀಡಿಗೆ ಬಿದ್ದದ್ದು ಸುಮಾರು 71 ರೂಪಾಯಿ, ಒಂದು ಲಾಗಿನ್‌ಗೆ ಬಿದ್ದದ್ದು 10,000. ಶೇ. 18 ಜಿಎಸ್‌ಟಿ ಸೇರಿಸಿದರೆ 11,800. ನಿಮ್ಮ ಪೇಔಟ್ (ಬ್ಯಾಂಕು ಕೊಡುವ ಕಮಿಷನ್) ಶೇ. 0.4 ಎಂದಿಟ್ಟುಕೊಂಡರೂ 30 ಲಕ್ಷದ ಸಾಲಕ್ಕೆ ಕೈಗೆ ಬರುವುದು 12,000, ಅದರಲ್ಲೂ ಟಿಡಿಎಸ್ ಕಳೆಯಬೇಕು. ಲಾಗಿನ್ ಆದದ್ದೆಲ್ಲ ಸ್ಯಾಂಕ್ಷನ್ ಆಗುವುದೂ ಇಲ್ಲ. ಆದ್ದರಿಂದ ಮೊದಲು ಲೀಡ್ ಬೆಲೆ ನೋಡುವುದನ್ನು ಬಿಟ್ಟು ಲಾಗಿನ್ ಬೆಲೆ ನೋಡಿ. ಲೀಡ್ ಬೆಲೆ 250ಕ್ಕೆ ಏರಿ ಅದೇ 10,000ಕ್ಕೆ 40 ಲೀಡ್ ಬಂದು ನಾಲ್ಕು ಲಾಗಿನ್ ಆದರೆ ನೀವು ಗೆದ್ದಂತೆ.

ತಪ್ಪು ಹೆಚ್ಚಾಗಿ ಫಾರ್ಮಿನಲ್ಲಿದೆ. ಇನ್‌ಸ್ಟಂಟ್ ಫಾರ್ಮ್ (ಜಾಹೀರಾತು ಒತ್ತಿದಾಗ ಅಲ್ಲೇ ತೆರೆಯುವ ಫಾರ್ಮ್) ಮಾಡುವಾಗ ಸುಮ್ಮನೆ ಬಿಟ್ಟರೆ ‘ಮೋರ್ ವಾಲ್ಯೂಮ್’ ಇರುತ್ತದೆ. ಅದರಲ್ಲಿ ಹೆಸರು, ನಂಬರ್ ಎಲ್ಲ ಪ್ರೊಫೈಲಿನಿಂದ ತಾನೇ ತುಂಬಿಕೊಳ್ಳುತ್ತದೆ. ಎಷ್ಟೋ ಜನರ ಪ್ರೊಫೈಲಿನಲ್ಲಿರುವುದು ಎಂದೋ ಬಿಟ್ಟ ಸಿಮ್‌ನ ನಂಬರ್. ಫೋನ್ ಎತ್ತದವರಲ್ಲಿ ಒಂದು ಪಾಲು ಇವರೇ. ಇನ್ನು ಕೆಲವರಿಗೆ ತಾವು ಫಾರ್ಮ್ ಕಳಿಸಿದ್ದೇ ನೆನಪಿರುವುದಿಲ್ಲ. ‘ಹೈಯರ್ ಇಂಟೆಂಟ್’ ಆರಿಸಿ: ಕಳಿಸುವ ಮುನ್ನ ಎಲ್ಲವನ್ನೂ ಮತ್ತೊಮ್ಮೆ ನೋಡಿ ಖಚಿತಪಡಿಸುವ ಪರದೆ ಬರುತ್ತದೆ. ಎಸ್‌ಎಂಎಸ್ ಮೂಲಕ ನಂಬರ್ ಪರಿಶೀಲಿಸುವ ಆಯ್ಕೆ ಕಂಡರೆ ಅದನ್ನೂ ಹಾಕಿ. ಇಲ್ಲದಿದ್ದರೆ ‘ನಿಮ್ಮ ವಾಟ್ಸಾಪ್ ನಂಬರ್ ಬರೆಯಿರಿ’ ಎಂಬ ಪ್ರತ್ಯೇಕ ಪ್ರಶ್ನೆ ಇಟ್ಟು ಕೈಯಾರೆ ಬರೆಸಿ.

ಪ್ರಶ್ನೆಗಳನ್ನು ಹಾಕುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಸಂಬಳ, ಸಿಬಿಲ್ ಸ್ಕೋರ್, ಈಗಿರುವ ಸಾಲ, ಪ್ಯಾನ್, ಆಧಾರ್ ಇವನ್ನು ಪೂರ್ವಾನುಮತಿ ಇಲ್ಲದೆ ಲೀಡ್ ಫಾರ್ಮಿನಲ್ಲಿ ಕೇಳಲು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆತನದ ಕಂಪನಿ ಮೆಟಾದ ನಿಯಮ ಬಿಡುವುದಿಲ್ಲ. ಕೇಳಿದರೆ ಜಾಹೀರಾತು ತಿರಸ್ಕಾರವಾಗುತ್ತದೆ, ಪದೇ ಪದೇ ಆದರೆ ಖಾತೆಗೇ ಕುತ್ತು. ಅವನ್ನೆಲ್ಲ ಫೋನಿಗೆ ಇಟ್ಟುಕೊಳ್ಳಿ. ಫಾರ್ಮಿನಲ್ಲಿ ಮೂರೇ ಸಾಕು: ಸಾಲ ಯಾವುದಕ್ಕೆ (ಫ್ಲ್ಯಾಟ್ ಅಥವಾ ಮನೆ ಖರೀದಿ, ಸ್ವಂತ ಸೈಟಿನಲ್ಲಿ ಕಟ್ಟಲು, ಬೇರೆ ಬ್ಯಾಂಕಿನಿಂದ ವರ್ಗಾವಣೆ), ಕೆಲಸ ಸಂಬಳದ್ದೋ ಸ್ವಂತದ್ದೋ, ಮತ್ತು ಆಸ್ತಿಯ ದಾಖಲೆ ಏನಿದೆ.

ಈ ಮೂರನೆಯ ಪ್ರಶ್ನೆಯೇ ಕರ್ನಾಟಕದಲ್ಲಿ ಎಲ್ಲಕ್ಕಿಂತ ಮುಖ್ಯ. ಸಾಲಗಾರನ ಸಂಬಳ ಚೆನ್ನಾಗಿದ್ದು, ಸಿಬಿಲ್ 780 ಇದ್ದರೂ ಆಸ್ತಿ ರೆವಿನ್ಯೂ ಸೈಟಾಗಿದ್ದರೆ (ಅನುಮೋದನೆ ಇಲ್ಲದ ಬಡಾವಣೆಯದು) ಫೈಲು ಬ್ಯಾಂಕಿನ ಲೀಗಲ್ ಪರಿಶೀಲನೆಯಲ್ಲೇ ನಿಂತುಹೋಗುತ್ತದೆ. ಉತ್ತರದ ಆಯ್ಕೆಗಳನ್ನು ಜನ ಮಾತಾಡುವ ಮಾತಿನಲ್ಲೇ ಕೊಡಿ: ‘ಎ ಖಾತಾ’, ‘ಬಿ ಖಾತಾ’, ‘ಪಂಚಾಯಿತಿ 9-11’, ‘ಆಸ್ತಿ ಇನ್ನೂ ನೋಡುತ್ತಿದ್ದೇನೆ’, ‘ಗೊತ್ತಿಲ್ಲ’. ಎ ಖಾತಾ ನಿಯಮಬದ್ಧ ಆಸ್ತಿಯದು, ಬಿ ಖಾತಾ ಹಾಗಲ್ಲದ್ದು, 9-11 ಎಂದರೆ ಪಂಚಾಯಿತಿ ಕೊಡುವ ನಮೂನೆ 9 ಮತ್ತು 11. 9-11 ಎಂದವರನ್ನು ಹಾಗೇ ನಂಬಿ ಲಾಗಿನ್‌ಗೆ ಓಡಬೇಡಿ. ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ ವ್ಯವಸ್ಥೆ) 11ಎ ಬೇರೆ, 11ಬಿ ಬೇರೆ. ಅನುಮೋದನೆ ಇಲ್ಲದ ಆಸ್ತಿಗೆ ಸಿಗುವುದು 11ಬಿ, ಹೆಚ್ಚಿನವರು ಆ ಅಕ್ಷರವನ್ನು ಗಮನಿಸಿಯೇ ಇರುವುದಿಲ್ಲ. ದಾಖಲೆಯ ಫೋಟೊ ವಾಟ್ಸಾಪ್‌ನಲ್ಲಿ ತರಿಸಿ ನೋಡಿ. ಬಿ ಖಾತಾ, 11ಬಿ ಇರುವವರನ್ನು ಕಸದಬುಟ್ಟಿಗೆ ಹಾಕಬೇಕಾಗಿಲ್ಲ. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಒಲ್ಲೆ ಎಂದರೂ ಕೆಲವು ಗೃಹಸಾಲ ಕಂಪನಿಗಳು ಹೆಚ್ಚಿನ ಬಡ್ಡಿಗೆ, ಕಡಿಮೆ ಮೊತ್ತಕ್ಕೆ ಮಾಡುತ್ತವೆ. ಆದರೆ ಅವರು ಬೇರೆ ಪಟ್ಟಿಗೆ ಹೋಗಲಿ. ಇನ್ನೂ ಅಡ್ವಾನ್ಸ್ ಕೊಟ್ಟಿರದವರಿಗೆ ಈ ದಾಖಲೆಗೆ ಸಾಲ ಸಿಗುವುದು ಕಷ್ಟ ಎಂದು ನೇರವಾಗಿ ಹೇಳಿಬಿಡಿ. ಅವರ ದುಡ್ಡು ಉಳಿಯುವುದು ನಿಮ್ಮ ಒಂದು ಲಾಗಿನ್‌ಗಿಂತ ದೊಡ್ಡದು.

ಫೋನಿನಲ್ಲಿ ಮೊದಲು ಕೈಯಲ್ಲಿರುವ ದುಡ್ಡಿನ ಲೆಕ್ಕ ಕೇಳಿ, ಸಿಬಿಲ್ ಆಮೇಲೆ. ಆರ್‌ಬಿಐ ಮಿತಿಯಂತೆ ಆಸ್ತಿ ಮೌಲ್ಯದಲ್ಲಿ 30 ಲಕ್ಷದವರೆಗಿನ ಸಾಲಕ್ಕೆ ಶೇ. 90, 30ರಿಂದ 75 ಲಕ್ಷಕ್ಕೆ ಶೇ. 80, ಅದಕ್ಕೂ ಮೇಲೆ ಶೇ. 75 ಮಾತ್ರ. 60 ಲಕ್ಷದ ಫ್ಲ್ಯಾಟಿಗೆ ಸಾಲ 48 ಲಕ್ಷ, ಉಳಿದ 12 ಲಕ್ಷ ಖರೀದಿದಾರರದ್ದು. ಮುದ್ರಾಂಕ ಶುಲ್ಕ ಮೇಲ್ತೆರಿಗೆಗಳೊಡನೆ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಎರಡೂ ಸೇರಿ ಇನ್ನೊಂದು ನಾಲ್ಕೂವರೆ ಲಕ್ಷ. ಅಂದರೆ ಹದಿನಾರೂವರೆ ಲಕ್ಷ ಕೈಯಲ್ಲಿರಬೇಕು. ಈ ಒಂದು ಲೆಕ್ಕ ಹೇಳಿದರೆ ಯಾರು ಈಗ ಕೊಳ್ಳುತ್ತಾರೆ, ಯಾರು ಎರಡು ವರ್ಷ ಬಿಟ್ಟು ಎನ್ನುವುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಜಾಹೀರಾತಿನ ಬರಹದ ಬಗ್ಗೆ ಎರಡು ಮಾತು. ‘ಮಾರ್ಟ್‌ಗೇಜ್ ಲೋನ್’ ಎಂಬ ಪದ ಬೇಡ. ನಮ್ಮಲ್ಲಿ ಅದಕ್ಕೆ ಇರುವ ಅರ್ಥ ಇರುವ ಆಸ್ತಿಯನ್ನು ಅಡವಿಟ್ಟು ನಗದು ಪಡೆಯುವುದು. ಮನೆ ಕೊಳ್ಳುವವರ ಬದಲು ಕೈಸಾಲ ತೀರಿಸಲು ಹುಡುಕುವವರು ಬರುತ್ತಾರೆ. ಆ ಸಾಲವನ್ನೂ ಮಾಡುತ್ತೀರಾದರೆ ಕ್ಯಾಂಪೇನ್ ಬೇರೆಯೇ ಇರಲಿ. ‘ನಿಮ್ಮ ಸಿಬಿಲ್ ಕಡಿಮೆ ಇದೆಯಾ?’ ಎಂದು ಓದುಗರ ಹಣದ ಸ್ಥಿತಿಯನ್ನು ಎತ್ತಿ ಹೇಳುವ ಸಾಲೂ ನಿಯಮಕ್ಕೆ ವಿರುದ್ಧ. ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಅದರ ಲೋಗೊ ಹಾಕಬೇಡಿ, ಪೇಜಿಗೆ ಅದರ ಹೆಸರಿಡಲೂಬೇಡಿ. ಅಂಕಿಯನ್ನೇ ಮುಂದಿಡಿ: 30 ಲಕ್ಷ, 20 ವರ್ಷ, ಶೇ. 8.5 ಆದರೆ ಇಎಂಐ 26,035 ರೂಪಾಯಿ. ಇದನ್ನು ಓದಿ ತನಗೆ ಆಗುವುದಿಲ್ಲ ಎಂದು ತಿಳಿದವರು ಫಾರ್ಮ್ ತುಂಬುವುದೇ ಇಲ್ಲ. ನಿಮಗೆ ಬೇಕಾದದ್ದೂ ಅದೇ.

ಸಣ್ಣ ಬಜೆಟ್ಟಿಗೆ ನಾನು ಮೊದಲು ಸೂಚಿಸುವುದು ಸಾಲ ವರ್ಗಾವಣೆ. ಆಸ್ತಿಯ ದಾಖಲೆಯನ್ನು ಆಗಲೇ ಒಂದು ಬ್ಯಾಂಕು ಪರಿಶೀಲಿಸಿರುತ್ತದೆ, ವ್ಯಕ್ತಿಗಳ ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಅವಧಿಪೂರ್ವ ಮುಕ್ತಾಯದ ದಂಡವಿಲ್ಲ. 30 ಲಕ್ಷ ಬಾಕಿ, 15 ವರ್ಷ ಉಳಿದಿದ್ದರೆ ಶೇ. 9.5ರಿಂದ 8.5ಕ್ಕೆ ಇಳಿದಾಗ ಕಂತು 31,327ರಿಂದ 29,542ಕ್ಕೆ ಬರುತ್ತದೆ. ಪ್ರೊಸೆಸಿಂಗ್ ಶುಲ್ಕ, ಎಂಒಡಿ (ಆಸ್ತಿಪತ್ರ ಅಡವಿಟ್ಟದ್ದರ ದಾಖಲೆ) ಖರ್ಚನ್ನೂ ಮುಚ್ಚಿಡದೆ ಹೇಳಿ.

500 ರೂಪಾಯಿಯನ್ನು ಮೂರು ಆ್ಯಡ್ ಸೆಟ್‌ಗೆ (ಒಂದೇ ವೀಕ್ಷಕರ ಗುಂಪಿಗೆ ಹೋಗುವ ಜಾಹೀರಾತುಗಳ ಕಟ್ಟು) ಹಂಚಿದ್ದರೆ ಇವತ್ತೇ ಒಂದಕ್ಕೆ ಇಳಿಸಿ. ಒಂದು ಆ್ಯಡ್ ಸೆಟ್‌ಗೆ ವಾರಕ್ಕೆ ಸುಮಾರು 50 ಲೀಡ್ ಬಂದರೆ ಮಾತ್ರ ಲರ್ನಿಂಗ್ ಹಂತ (ಯಾರಿಗೆ ತೋರಿಸಬೇಕೆಂದು ಮೆಟಾ ಕಲಿಯುವ ಅವಧಿ) ಮುಗಿಯುತ್ತದೆ. ಫಾರ್ಮ್ ಬಿಗಿ ಮಾಡಿದ ಮೇಲೆ ದಿನಕ್ಕೆ ಎರಡು ಮೂರು ಲೀಡ್ ಬಂದು ‘ಲರ್ನಿಂಗ್ ಲಿಮಿಟೆಡ್’ ಎಂದು ತೋರಿಸಬಹುದು. ಅದಕ್ಕೆ ಹೆದರಿ ಎರಡು ದಿನಕ್ಕೊಮ್ಮೆ ಬದಲಾಯಿಸಬೇಡಿ, ಪ್ರತಿ ದೊಡ್ಡ ಬದಲಾವಣೆಗೂ ಕಲಿಕೆ ಮತ್ತೆ ಮೊದಲಿನಿಂದ. ಆಡಿಯನ್ಸ್ ನೆಟ್‌ವರ್ಕ್ (ಬೇರೆಯವರ ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವುದು) ಆಯ್ಕೆ ಕಂಡರೆ ಅದನ್ನು ಮಾತ್ರ ತೆಗೆದುಹಾಕಿ, ಗೇಮ್ ಆ್ಯಪ್‌ಗಳಲ್ಲಿ ಕೈತಪ್ಪಿ ಒತ್ತಿದ್ದೂ ಲೆಕ್ಕಕ್ಕೆ ಬರುತ್ತದೆ.

ಲೀಡ್ ಬಂದ ಹತ್ತು ನಿಮಿಷದೊಳಗೆ ಕರೆ ಹೋಗಬೇಕು. ಸಂಜೆ ಹೋದರೆ ಅಷ್ಟರಲ್ಲಿ ಅವರು ಬೇರೆ ಮೂವರ ಫಾರ್ಮ್ ತುಂಬಿರುತ್ತಾರೆ. ಎತ್ತದಿದ್ದರೆ ನಿಮ್ಮ ಹೆಸರು, ಊರು, ಅವರು ತುಂಬಿದ ಫಾರ್ಮಿನ ವಿಷಯ ಬರೆದ ಎರಡು ಸಾಲಿನ ವಾಟ್ಸಾಪ್ ಕಳಿಸಿ ಮತ್ತೆ ಕರೆ ಮಾಡಿ. ಲೀಡ್‌ಗಳನ್ನು ಮೆಟಾದಿಂದ ಇಳಿಸಿಕೊಳ್ಳಲು 90 ದಿನ ಮಾತ್ರ ಅವಕಾಶ, ಅಂದಂದೇ ಶೀಟಿಗೆ ಹೋಗುವಂತೆ ಜೋಡಿಸಿ. ಪ್ರತಿ ಲೀಡಿನ ಐಡಿಯನ್ನೂ ಉಳಿಸಿಕೊಳ್ಳಿ, ಮುಂದೆ ಅದು ಬೇಕಾಗುತ್ತದೆ.

ತಿಂಗಳಿಗೆ 200 ಲೀಡ್ ದಾಟಿದಾಗ ಕನ್ವರ್ಷನ್ಸ್ ಎಪಿಐ (ನಿಮ್ಮ ಮಾಹಿತಿಯನ್ನು ಮೆಟಾಗೆ ಕಳಿಸುವ ತಾಂತ್ರಿಕ ಜೋಡಣೆ) ಮೂಲಕ ಆ ಐಡಿ ಜೊತೆ ಫಲಿತಾಂಶವನ್ನು ಮೆಟಾಗೆ ತಿರುಗಿ ಕಳಿಸಿ, ಗ್ರಾಹಕರಾಗುವ ಸಾಧ್ಯತೆ ಹೆಚ್ಚಿರುವವರನ್ನು ಹುಡುಕುವ ‘ಕನ್ವರ್ಷನ್ ಲೀಡ್ಸ್’ ಗುರಿ ಆರಿಸಬಹುದು. ಇಲ್ಲಿ ‘ಡಿಸ್ಬರ್ಸ್ ಆಯಿತು’ ಎಂಬುದನ್ನು ಗುರಿಯಾಗಿಸಬೇಡಿ. ಲೀಡ್ ಬಂದ 28 ದಿನದೊಳಗೆ ನಡೆಯುವ ಹಂತ ಬೇಕು, ಗೃಹಸಾಲದ ಹಣ ಬಿಡುಗಡೆ ಅಷ್ಟರಲ್ಲಿ ಆಗುವುದು ಅಪರೂಪ. ‘ದಾಖಲೆ ಕೊಟ್ಟರು’ ಎಂಬ ಹಂತವನ್ನು ಕಳಿಸಿ.