ವಾಲ್ವ್ ಹುಡುಕುವ ಮೊದಲು ಕಂಡೆನ್ಸರ್ ನೋಡಿ

ಪ್ರಶ್ನೆ: ನಮ್ಮ ತಂದೆಯವರು ಯಕ್ಷಗಾನ, ಕೋಲ, ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಅವರ ವಾಲ್ವ್ ಆಂಪ್ಲಿಫೈಯರ್ ಅಟ್ಟದಲ್ಲಿದೆ. ಅದರೊಳಗೆ ಸ್ವರ ದೊಡ್ಡದು ಮಾಡುವ, ಗಾಜಿನ ಬಲ್ಬಿನಂಥ ವಾಲ್ವ್ ನಾಲ್ಕಿವೆ: ಎರಡು ಇಎಲ್34, ಎರಡು ಇಸಿಸಿ83. ರಿಪೇರಿ ಮಾಡಿಸಿ ಮನೆಯಲ್ಲಿ ಹಾಡು ಕೇಳುವ ಆಸೆ. ವಾಲ್ವ್ ಈಗ ಎಲ್ಲಿ ಸಿಗುತ್ತದೆ? ಕಾಸರಗೋಡಿನ ಅಂಗಡಿಗಳಲ್ಲಿ ಇಲ್ಲ ಅಂತಾರೆ.
– ಓದುಗರು, ಬದಿಯಡ್ಕ

ಉತ್ತರ: ಅಟ್ಟದಿಂದ ಇಳಿಸಿದ ಕೂಡಲೇ ಪ್ಲಗ್ಗಿಗೆ ಹಾಕಬೇಡಿ ಮಾರಾಯ್ರೆ. ಮೊದಲು ಹೇಳಬೇಕಾದ್ದು ಅದೇ.

ವಾಲ್ವ್ ಚಿಂತೆ ಬಿಡಿ. ಗಿಟಾರ್ ಆಂಪ್ಲಿಫೈಯರ್‌ಗಳಿಗೆ ಬೇಕಾಗುವುದರಿಂದ ಈ ಎರಡೂ ನಂಬರ್ ಸ್ಲೊವಾಕಿಯಾ, ರಷ್ಯಾ, ಚೀನಾದ ಫ್ಯಾಕ್ಟರಿಗಳಲ್ಲಿ ಹೊಸದಾಗಿಯೇ ತಯಾರಾಗುತ್ತಾ ಬಂದಿವೆ, ಆನ್‌ಲೈನ್‌ನಲ್ಲಿ ತರಿಸಬಹುದು. ಇಸಿಸಿ83ಕ್ಕೆ 12ಎಎಕ್ಸ್7 ಅಂತಲೂ, ಇಎಲ್34ಕ್ಕೆ 6ಸಿಎ7 ಅಂತಲೂ ಹೆಸರುಂಟು. ಇಎಲ್34 ತಗೊಳ್ಳುವಾಗ ಮ್ಯಾಚ್ ಮಾಡಿದ, ಅಂದರೆ ಅಳೆದು ಒಂದೇ ಥರ ಇರುವುದನ್ನು ಆರಿಸಿದ ಜೋಡಿಯನ್ನೇ ಕೇಳಿ.

ಆದರೆ ನಿಮ್ಮಲ್ಲಿರುವ ವಾಲ್ವ್‌ಗಳೇ ಚೆನ್ನಾಗಿರಬಹುದು, ಅಲ್ವಾ? ಗಾಜಿನ ಒಳಗೆ, ತುದಿಯಲ್ಲೋ ಬದಿಯಲ್ಲೋ, ಬೆಳ್ಳಿಯ ಹೊಳಪಿನ ಒಂದು ಲೇಪ ಕಾಣುತ್ತದೆ. ಅದು ಹಾಲಿನ ಹಾಗೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ವಾಲ್ವ್ ಹೋಯಿತು ಅಂತಲೇ ಲೆಕ್ಕ. ಹೊಳೆಯುತ್ತಿದ್ದರೆ ಎಸೆಯಬೇಡಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಕಾಲುಗಳಿಗೆ ಕಿಲುಬು ಹಿಡಿದಿರುತ್ತದೆ, ಅದನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಗಾಜಿನ ಮೇಲಿನ ಬರಹವನ್ನು ಮಾತ್ರ ಮುಟ್ಟಬೇಡಿ, ಒದ್ದೆ ಬೆರಳು ತಾಗಿದರೂ ನಂಬರ್ ಅಳಿಸಿಹೋಗುತ್ತದೆ, ಆಮೇಲೆ ಯಾವ ವಾಲ್ವ್ ಅಂತ ಗೊತ್ತಾಗುವುದೇ ಕಷ್ಟ.

ನಿಜವಾಗಿ ಕೆಟ್ಟಿರುವುದು ಹೆಚ್ಚಾಗಿ ಕಂಡೆನ್ಸರ್, ಅಂದರೆ ಕರೆಂಟನ್ನು ಹಿಡಿದಿಟ್ಟುಕೊಳ್ಳುವ ಕೆಪ್ಯಾಸಿಟರ್. ಇಸಿಸಿ83ರಿಂದ ಇಎಲ್34ಕ್ಕೆ ಹೋಗುವ ದಾರಿಯಲ್ಲಿರುವ ಹಳೆಯ ಪೇಪರ್ ಕಂಡೆನ್ಸರ್ ಲೀಕ್ ಆದರೆ ಇಎಲ್34ರ 5ನೇ ಕಾಲಿಗೆ ಪ್ಲಸ್ ವೋಲ್ಟೇಜ್ ಬರುತ್ತದೆ, ಅಲ್ಲಿ ಸೊನ್ನೆ ಅಥವಾ ಮೈನಸ್ ಇರಬೇಕಾದ್ದು. ಆಗ ವಾಲ್ವ್ ಒಳಗಿನ ತಗಡು ಕೆಂಪಗೆ ಕಾಯುತ್ತದೆ, ಹಾಗೇ ಬಿಟ್ಟರೆ ವಾಲ್ವಿನಿಂದ ಸ್ಪೀಕರಿಗೆ ಸ್ವರ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಸುಡುತ್ತದೆ. ಹೊಸ ವಾಲ್ವ್ ಹಾಕಿದರೂ ಅದೇ ಗತಿ. ಹಾಗಾಗಿ ಪೇಪರ್ ಕಂಡೆನ್ಸರ್‌ಗಳನ್ನೆಲ್ಲ ತೆಗೆದು ಅದೇ ಮೈಕ್ರೋಫ್ಯಾರಡ್ ಅಳತೆಯ 630 ವೋಲ್ಟಿನ ಪಾಲಿಪ್ರೊಪಿಲೀನ್ ಹಾಕಿ. ಪವರ್ ಸಪ್ಲೈನ ದೊಡ್ಡ ಡಬ್ಬಿ ಕಂಡೆನ್ಸರ್‌ನ ಬದಲಿಗೆ ಹೊಸದು ಸಿಗದಿದ್ದರೆ 100 ಮೈಕ್ರೋಫ್ಯಾರಡ್, 350 ವೋಲ್ಟಿನ ಎರಡನ್ನು ಸೀರೀಸ್ ಮಾಡಿ (ಒಂದರ ಹಿಂದೆ ಒಂದು ಜೋಡಿಸಿ), ಪ್ರತಿಯೊಂದಕ್ಕೂ ಅಡ್ಡವಾಗಿ 220 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ 50 ಮೈಕ್ರೋಫ್ಯಾರಡ್ ಸಿಗುತ್ತದೆ. ಹಳೇ ಡಬ್ಬಿಯ ವೈರ್ ಬಿಡಿಸಿ, ಡಬ್ಬಿಯನ್ನು ನೋಟಕ್ಕೆ ಇದ್ದಲ್ಲೇ ಬಿಡಿ. ಇವೆಲ್ಲ ಮಂಗಳೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ ಇದ್ದೇ ಇವೆ.

ಜೀವದ ಹಾಗೆ ಕಾಯಬೇಕಾದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು. ಅದು ಸುಟ್ಟರೆ ಪಂಪಿನ ಮೋಟಾರ್ ಕಟ್ಟುವವರಿಂದ ಆಗುವ ಕೆಲಸವಲ್ಲ, ಪದರ ಪದರವಾಗಿ ಲೆಕ್ಕ ಹಿಡಿದು ಸುತ್ತುವವರು ಬೇಕು. ಸ್ಪೀಕರ್ ಕನೆಕ್ಟ್ ಮಾಡದೆ ಸೆಟ್ ಆನ್ ಮಾಡಲೇಬೇಡಿ. ಮೈಕ್ ಸೆಟ್ ಆದ್ದರಿಂದ ಹಿಂದೆ ಹಾರ್ನ್‌ಗಳಿಗೆಂದು 100 ವೋಲ್ಟ್ ಲೈನ್ ಇರಬಹುದು, ಮನೆಯ ಸ್ಪೀಕರ್ ಅಲ್ಲಿಗಲ್ಲ, 8 ಓಮ್ ಅಂತ ಬರೆದ ಟರ್ಮಿನಲ್ಲಿಗೆ.

ಮೊದಲ ಸಲ ಆನ್ ಮಾಡುವಾಗ ಸೆಟ್ಟಿಗೆ ಕರೆಂಟ್ ಬರುವ ವೈರಿನಲ್ಲಿ ಸೀರೀಸಾಗಿ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು ಇರಲಿ, ಎಲ್ಇಡಿ ಆಗುವುದಿಲ್ಲ. ಬಲ್ಬು ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಕೂಡಲೇ ಆಫ್ ಮಾಡಿ. ಇದರೊಳಗೆ 400 ವೋಲ್ಟಿಗಿಂತ ಜಾಸ್ತಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕಂಡೆನ್ಸರಿನಲ್ಲಿ ಉಳಿಯುತ್ತದೆ. ಅಭ್ಯಾಸ ಇಲ್ಲದಿದ್ದರೆ ಸುಮ್ನೆ ಕೈ ಹಾಕಬೇಡಿ, ಊರಿನ ಹಳೇ ರೇಡಿಯೋ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ತಂದೆಯವರ ಕಾಲದ ಹಳೇ ವಾಲ್ವ್ ಡಬ್ಬವೂ ಆ ಮೆಕ್ಯಾನಿಕ್ ಹತ್ತಿರವೇ ಇರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ನನ್ನ ವಾಲ್ವ್ ರೇಡಿಯೋದ ಹಸಿರು ಮ್ಯಾಜಿಕ್ ಐ ಮಂಕಾಗಿದೆ. ಬದಲಿಸಲೇಬೇಕಾ?
– ಓದುಗರು, ಮಂಜೇಶ್ವರ

ಉತ್ತರ: ಬೇಡ. ಅದು ಸ್ಟೇಷನ್ ಸರಿಯಾಗಿ ಹಿಡಿದಿದೆಯಾ ಅಂತ ತೋರಿಸುತ್ತದೆ ಅಷ್ಟೇ, ಸ್ವರಕ್ಕೆ ಏನೂ ತೊಂದರೆ ಇಲ್ಲ. ಅದರ ಬುಡದಲ್ಲಿರುವ ರೆಸಿಸ್ಟರಿನ ಓಮ್ ಅಳತೆ ಏರಿದೆಯಾ ಅಂತ ಒಮ್ಮೆ ಅಳೆದು ನೋಡಿ. ಅದು ಸರಿ ಇದ್ದರೆ ಒಳಗಿನ ಹೊಳೆಯುವ ಲೇಪವೇ ಸವೆದಿದೆ, ರಾತ್ರಿ ದೀಪ ಆರಿಸಿ ಕೇಳುವಾಗ ಅಷ್ಟು ಬೆಳಕು ಸಾಕು.