ಏಳನೆಯ ಕೊಡ ಯಾರದು? ಡೊಂಬಿವಲಿಯ ಓದುಗರಿಗೆ ಸಂಪಾದಕರ ಉತ್ತರ

ಪ್ರೀತಿಯ ತಂಗಿ,

ನಿಮ್ಮ ಪತ್ರ ತಲುಪಿತು. ನಿಮ್ಮ ಎರಡು ಭಯದ ಕಥೆಗಳನ್ನು ನಾವು ಪ್ರಕಟಿಸಿದೆವು, ಮೂರನೆಯದನ್ನು ವಾಪಸ್ ಕಳಿಸಿದೆವು. ಯಾಕೆ ಎಂದು ಕೇಳಿದ್ದೀರಿ. ಜೊತೆಗೆ, ದೆವ್ವದ ಕಥೆ ಬರೆಯುವವಳನ್ನು ಯಾರಾದರೂ ಲೇಖಕಿ ಅಂತ ಒಪ್ಪುತ್ತಾರಾ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ನನ್ನ ಕನ್ನಡ ಇದಕ್ಕೆ ಸಾಕಾ ಎಂದೂ ಕೇಳಿದ್ದೀರಿ. ಚೀಟಿಯಲ್ಲಿ ಬರೆದು ಮುಗಿಸುವ ವಿಷಯ ಇದಲ್ಲ. ಬರೆಯಲು ಹೊರಟ ಬೇರೆಯವರೂ ಓದಲಿ ಎಂದು ಇಲ್ಲೇ ಉತ್ತರಿಸುತ್ತಿದ್ದೇನೆ.

ಮೊದಲು ನಿಮ್ಮ ನಲ್ಲಿ ನೀರಿನ ಕಥೆ. ಚಾಳಿನಲ್ಲಿ ಆರು ಖೋಲಿ, ಅಂದರೆ ಒಂದೊಂದೇ ಕೋಣೆಯ ಆರು ಮನೆ, ಒಂದೇ ನಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ನೀರು ಬರುತ್ತದೆ. ಎಲ್ಲರೂ ರಾತ್ರಿಯೇ ಸಾಲಾಗಿ ಕೊಡ ಇಟ್ಟು ಮಲಗುತ್ತಾರೆ. ಒಂದು ದಿನ ಎದ್ದು ನೋಡಿದರೆ ಸಾಲಿನಲ್ಲಿ ಏಳು ಕೊಡ. ಯಾರೂ ತುಟಿ ಬಿಚ್ಚುವುದಿಲ್ಲ. ಏಳನೆಯದನ್ನೂ ತುಂಬಿಸಿ, ಸುಮ್ನೆ ಪಕ್ಕಕ್ಕೆ ಸರಿಸಿ, ತಂತಮ್ಮ ನೀರು ಹೊತ್ತುಕೊಂಡು ಒಳಗೆ ಹೋಗುತ್ತಾರೆ. ಒಂದು ತಂಬಿಗೆ ನೀರಿಗೂ ಜಗಳ ಆಡುವ ಜನ ಆ ಕೊಡದ ವಿಷಯಕ್ಕೆ ಮಾತ್ರ ಜಗಳ ಆಡುವುದಿಲ್ಲ. ನನಗೆ ಮೈ ಜುಂ ಎಂದದ್ದು ಅಲ್ಲಿ. ದೆವ್ವ ಬಂದದ್ದಕ್ಕಿಂತ, ಬಂದದ್ದಕ್ಕೆ ಜನ ಜಾಗ ಮಾಡಿಕೊಟ್ಟದ್ದು ಜಾಸ್ತಿ ಹೆದರಿಸುತ್ತದೆ. ಓದುಗರೊಬ್ಬರು ಫೋನ್ ಮಾಡಿ, ಆ ಕೊಡ ಯಾರದು ಅಂತ ಕಥೆಯಲ್ಲಿ ಹೇಳಲೇ ಇಲ್ಲವಲ್ಲ ಎಂದು ತಕರಾರು ತೆಗೆದರು. ಆಮೇಲೆ ಬಹಳ ಹೊತ್ತು ಆ ಕೊಡದ ಬಗ್ಗೆಯೇ ಮಾತಾಡಿದರು. ದಯವಿಟ್ಟು ಅದು ಯಾರದೆಂದು ಎಂದೂ ಯಾರಿಗೂ ಹೇಳಬೇಡಿ!

ಈಗ ವಾಪಸ್ ಬಂದ ಕಥೆ. ವಿಷಯ ಕುಲೆ ಮದುವೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಕುಲೆ ಎಂದರೆ ಸತ್ತವರ ಆತ್ಮ. ತುಳುನಾಡಿನಲ್ಲಿ ಮದುವೆಯಾಗದೆ ಸತ್ತ ಮಕ್ಕಳಿಗೆ, ಬದುಕಿದ್ದರೆ ಮದುವೆಯ ವಯಸ್ಸಾಗುತ್ತಿತ್ತು ಎನ್ನುವ ಹೊತ್ತಿಗೆ, ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಮಗುವಿನ ಜೊತೆ ಮದುವೆ ಮಾಡಿಸುತ್ತಾರೆ. ಹೆಚ್ಚಾಗಿ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ. ಮಾತುಕತೆ ಆಗಬೇಕು, ಬಳಿ (ತಾಯಿಯ ಕಡೆಯ ಕುಲ) ಬೇರೆ ಇರಬೇಕು, ಸೀರೆ ತರಬೇಕು, ಧಾರೆ ಆಗಬೇಕು, ನೆಂಟರಿಗೆ ಊಟ ಹಾಕಬೇಕು.

ಇಂಥ ಚಿನ್ನದಂಥ ವಸ್ತು ಕೈಯಲ್ಲಿಟ್ಟುಕೊಂಡು ನೀವು ಮಿಂಚು, ಗುಡುಗು, ಊಳಿಡುವ ನಾಯಿ, ಹಾಳು ಬಾವಿ ಎಲ್ಲವನ್ನೂ ತಂದಿರಿ. ಆ ಊರು ನೀವು ಬೇಸಿಗೆ ರಜೆಗೆ ಹೋಗಿ ಬಂದ ಊರು. ಅಲ್ಲಿನ ಕತ್ತಲೆ ನಿಮಗೆ ಗೊತ್ತಿಲ್ಲ, ಅದು ಸಾಲುಸಾಲಿನಲ್ಲೂ ಕಾಣುತ್ತದೆ. ಕೊನೆಯ ಪುಟದಲ್ಲಿ ಜೋಯಿಸರು ಬಂದು ಎಲ್ಲವನ್ನೂ ಬಿಡಿಸಿ ಹೇಳುವಾಗ ಉಳಿದ ಭಯವೂ ಹೋಯಿತು. ಕುಲೆ ಮದುವೆಯಲ್ಲಿ ಯಾರೂ ಕಿರುಚುವುದಿಲ್ಲ. ಹುಡುಗಿ ಹುಡುಗನಿಗಿಂತ ದೊಡ್ಡವಳಾದಳು, ಬೇಡ ಎಂದು ಸಂಬಂಧ ಬಿಟ್ಟವರೂ ಇದ್ದಾರೆ. ಎಷ್ಟು ಸಹಜವಾದ ಮಾತು ನೋಡಿ. ಅಷ್ಟೇ ಸಹಜವಾಗಿ ಬರೆಯಿರಿ. ಸತ್ತ ಮಗುವಿಗೆ ಸೀರೆಯ ಬಣ್ಣ ಆರಿಸುವ ತಾಯಿಗೆ ಗುಡುಗಿನ ಸಹಾಯ ಬೇಡ.

ಅದನ್ನೂ ನಿಮ್ಮ ಡೊಂಬಿವಲಿಗೇ ತನ್ನಿ. ದಾದರಿನ ಸೀರೆ ಅಂಗಡಿಯಲ್ಲಿ ಆ ತಾಯಿ ಹುಡುಗಿಯ ಎತ್ತರ ಹೇಳಬೇಕಾಗಿ ಬಂದರೆ? ಅಥವಾ ಆಟಿಯಲ್ಲಿ ಕುಲೆಗಳಿಗೆ ಬಡಿಸುವುದನ್ನೇ ತೆಗೆದುಕೊಳ್ಳಿ. ಊರಲ್ಲಾದರೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಹೊರಗೆ ಚಾವಡಿಯಲ್ಲಿ ಕೂತಿರುತ್ತಾರೆ. ಇಲ್ಲಿ ಒಂದೇ ಕೋಣೆಯ ಮನೆ. ಬಾಗಿಲು ಮುಚ್ಚಿದರೆ ಮನೆಮಂದಿಯೆಲ್ಲ ಪ್ಯಾಸೇಜಿನಲ್ಲಿ ನಿಲ್ಲಬೇಕು. ಪಕ್ಕದ ಮನೆಯಾಕೆ ಬಂದು, ಯಾಕೆ ಹೊರಗೆ ನಿಂತಿದ್ದೀರಿ, ಒಳಗೆ ಯಾರಿದ್ದಾರೆ ಎಂದು ಮರಾಠಿಯಲ್ಲಿ ಕೇಳುತ್ತಾಳೆ. ಮಗು ಉತ್ತರ ಕೊಡುತ್ತದೆ. ಈ ಕಥೆಯನ್ನು ನೀವು ಬರೆಯಬಲ್ಲಿರಿ. ಊರಲ್ಲಿ ಕೂತವರಿಗೆ ಇದು ಹೊಳೆಯುವುದು ಕಷ್ಟ.

ವಾಪಸ್ ಬಂದ ಕಥೆಯಲ್ಲಿ ಪಂಜುರ್ಲಿಯನ್ನು ಕೆಟ್ಟ ದೆವ್ವದ ಹಾಗೆ ತೋರಿಸಿದ ಭಾಗವನ್ನು ಪೂರ್ತಿ ತೆಗೆಯಿರಿ. ನಮ್ಮ ಓದುಗರಲ್ಲಿ ಬಹಳ ಮಂದಿಗೆ ಅದು ಮನೆತನ ಕಾಯುವ ದೈವ, ನ್ಯಾಯ ಕೇಳುವ ಜಾಗ. ಕುಲೆಯೇ ಬೇರೆ, ದೈವವೇ ಬೇರೆ. ಅದು ಗೊತ್ತಿರುವವರು ಆ ಸಾಲಿನಲ್ಲೇ ಕಥೆ ಕೆಳಗಿಡುತ್ತಾರೆ.

ಉದ್ದದ ಬಗ್ಗೆಯೂ ಹೇಳಬೇಕು. ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1842ರಲ್ಲೇ ಬರೆದಿದ್ದ: ಕಥೆ ಒಂದೇ ಸಲ ಕೂತು ಓದಿ ಮುಗಿಸುವಂತಿರಬೇಕು, ಅದರ ಪ್ರತಿ ಮಾತೂ ಮೊದಲೇ ನಿಶ್ಚಯಿಸಿದ ಒಂದೇ ಪರಿಣಾಮಕ್ಕೆ ದುಡಿಯಬೇಕು ಎಂದು. ಭಯದ ಕಥೆಗೆ ಇದು ಇನ್ನೂ ಜಾಸ್ತಿ ಸಲ್ಲುತ್ತದೆ. ಓದುಗ ನಡುವೆ ಎದ್ದು ಚಾ ಕುಡಿದು ಬಂದರೆ ಭಯ ಕಾದು ಕೂತಿರುವುದಿಲ್ಲ. ನಿಮ್ಮ ಕೊಡದ ಕಥೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿದವರಿಗೆ ಠಾಣೆಗೆ ಮುಂಚೆ ಮುಗಿಯುತ್ತದೆ. ವಾಪಸ್ ಬಂದದ್ದು ದಾದರ್ ದಾಟಿದರೂ ಮುಗಿಯುವುದಿಲ್ಲ.

ಲೇಖಕಿ ಅಂತ ಒಪ್ಪುತ್ತಾರಾ ಎಂದಿರಿ. ನಿಮ್ಮ ಸುತ್ತಲೇ ನೋಡಿ, ನಿಮಗೆ ಮರಾಠಿ ಚೆನ್ನಾಗಿ ಬರುತ್ತದೆ ಅಲ್ವಾ? ರತ್ನಾಕರ ಮತ್ಕರಿ ಇದೇ ಮುಂಬಯಿಯವರು. 1938ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡರು. ಬಹಳ ವರ್ಷ ಬ್ಯಾಂಕಿನ ಕೆಲಸದ ಜೊತೆಗೇ ಬರೆದವರು. ನಾಟಕ, ಮಕ್ಕಳ ರಂಗಭೂಮಿ, ಗೂಢಕಥೆ (ನಿಗೂಢ, ಭಯದ ಕಥೆ) ಎಲ್ಲವನ್ನೂ ಮಾಡಿದರು. ಗೂಢಕಥೆ ಬರೆದರು ಎಂದು ಮರಾಠಿಗರು ಅವರನ್ನು ಪಂಕ್ತಿಯಿಂದ ಎಬ್ಬಿಸಲಿಲ್ಲ. ನಾರಾಯಣ ಧಾರಪ್ ಅವರ ಭಯದ ಕಾದಂಬರಿಗಳನ್ನು ಈಗಲೂ ಹುಡುಕಿ ಓದುವವರಿದ್ದಾರೆ. ಇವರಿಬ್ಬರನ್ನೂ ಓದಿ. ಕನ್ನಡದಲ್ಲಿ ಈ ದಾರಿಯಲ್ಲಿ ಜನ ಕಡಿಮೆ. ಹೊಸಬರಿಗೆ ಅದು ಒಳ್ಳೆಯದೇ.

ಪುಸ್ತಕಕ್ಕೆ ಮಾತ್ರ ಈಗಲೇ ಅವಸರ ಬೇಡ. ಸ್ವಂತ ಖರ್ಚಿನಲ್ಲಿ ಸಂಕಲನ ತರುವ ಯೋಚನೆ ಇದೆ ಎಂದು ಬರೆದಿದ್ದೀರಿ. ಅಮೆರಿಕದ ಲವ್‌ಕ್ರಾಫ್ಟ್ ಇವತ್ತು ವಿಲಕ್ಷಣ ಕಥೆಗಳ ದೊಡ್ಡ ಹೆಸರು. ಅವನನ್ನು ಬೆಳೆಸಿದ್ದು 1923ರಲ್ಲಿ ಶುರುವಾದ ಅಗ್ಗದ ಕಾಗದದ ಪತ್ರಿಕೆ. 1937ರಲ್ಲಿ ಸಾಯುವವರೆಗೆ ಅವನ ಕಥೆ ಪುಸ್ತಕವಾಗಿ ಬಂದದ್ದು ಒಂದೇ, ಅದೂ ಹಿಂದಿನ ವರ್ಷ. ನೀವು ಅಷ್ಟು ಕಾಯಬೇಡಿ. ಆದರೆ ಕೊಡದ ಕಥೆಯ ಎತ್ತರದ ಕಥೆಗಳು ಹತ್ತಾದರೂ ಆಗಲಿ.

ಭಾಷೆಯ ಅಳುಕು ಬಿಡಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರ ಊರು ಇದು. ಖೋಲಿ, ಚಾಳ್, ಪ್ಯಾಸೇಜ್ ಎಂದೇ ಬರೆಯಿರಿ. ಆ ಜನ ಮಾತಾಡುವುದೇ ಹಾಗೆ. ಕೊಡದ ಕಥೆಯಲ್ಲಿ ಒಂದು ಪದವನ್ನೂ ನಾನು ಬದಲಿಸಲಿಲ್ಲ. ವಾಪಸ್ ಬಂದ ಕಥೆಯಲ್ಲಿ ‘ಘೋರಾಂಧಕಾರ’, ‘ಭೀಕರ ನಿಶ್ಶಬ್ದ’ ಬಂದದ್ದು ಗೊತ್ತಿಲ್ಲದ ಊರನ್ನು ಮುಚ್ಚಲು ಅಂತ ನನ್ನ ಅನಿಸಿಕೆ. ಗೊತ್ತಿರುವ ಜಾಗಕ್ಕೆ ಬಂದರೆ ಅವು ತಾವಾಗಿಯೇ ಬಿಟ್ಟುಹೋಗುತ್ತವೆ.

ಕುಲೆ ಮದುವೆಯ ಕಥೆಯನ್ನು ಹೊಸದಾಗಿ ಬರೆದು, ಸಾವಿರದೈನೂರು ಪದದೊಳಗೆ, ಜೋಯಿಸರಿಲ್ಲದೆ ಕಳಿಸಿ. ಜೂನ್ ಮುಗಿಯುವುದರೊಳಗೆ ಸಿಕ್ಕರೆ ಆಟಿ ತಿಂಗಳ ಸಂಚಿಕೆಗೆ ನೋಡಬಹುದು. ಹಿಂದಿನ ಎರಡು ಕಥೆಗಳ ಗೌರವಧನ ಈ ವಾರ ಬರುತ್ತದೆ. ಬರದಿದ್ದರೆ ನನಗೇ ಫೋನ್ ಮಾಡಿ.

ಸಂಪಾದಕ