ಗದ್ದ ಊದಿದ ಕುರಿ, ‘ಮೊಟ್ಟೆ ಇಲ್ಲ’ ಎಂಬ ರಿಪೋರ್ಟು

ಅಣ್ಣಾ, ನಿಮ್ಮ ಮೆಸೇಜನ್ನು ಎರಡು ಸಲ ಓದಿದೆ. ಮದ್ದೂರು ಕಡೆ ನಾಲೆ ಪಕ್ಕದ ಜಮೀನು, ನಲವತ್ತು ಬನ್ನೂರು ಕುರಿ. ಹದಿನೈದು ದಿನದ ಹಿಂದೆ ಜಂತಿನ ಔಷಧಿ ಕುಡಿಸಿದ್ದೀರಿ. ಹಿಕ್ಕೆ ಪರೀಕ್ಷೆಯಲ್ಲಿ ಜಂತಿನ ಮೊಟ್ಟೆ ಇಲ್ಲ ಅಂತ ಬರೆದುಕೊಟ್ಟಿದ್ದಾರೆ. ಆದರೂ ನಾಲ್ಕು ಕುರಿಗೆ ಗದ್ದದ ಕೆಳಗೆ ನೀರು ತುಂಬಿಕೊಂಡಿದೆ, ಒಂದು ಸತ್ತೂ ಹೋಯಿತು. ಹಾಗಾದರೆ ನಾಲೆ ನೀರನ್ನೇ ಟೆಸ್ಟ್ ಮಾಡಿಸಬಹುದಾ ಅಂತ ಕೇಳಿದ್ದೀರಿ.

ನೀರಿನ ಟೆಸ್ಟಿಗೆ ದುಡ್ಡು ಸುರಿಯಬೇಡಿ. ಸಾಮಾನ್ಯವಾಗಿ ಮಾಡುವ ಪರೀಕ್ಷೆಗಳು ಹುಡುಕುವುದು ಬ್ಯಾಕ್ಟೀರಿಯಾವನ್ನು. ಸಣ್ಣ ಬಾಟಲಿಗೆ ನೀರು ತುಂಬಿಸಿ ಒಂದೆರಡು ದಿನ ಇಟ್ಟರೆ ಕಪ್ಪಾಗುತ್ತದಲ್ಲ, ಆ ಪರೀಕ್ಷೆಯೂ ಅಷ್ಟೆ. ನೀರಿಗೆ ಮಲ, ಸಗಣಿ ಸೇರಿದೆಯಾ ಅನ್ನುವುದರ ಸುಳಿವು ಕೊಡುತ್ತದೆ. ಮನೆಯ ಕುಡಿಯುವ ನೀರಿಗೆ ಒಳ್ಳೆಯದು. ದನ ತೊಳೆಯುವ ನಾಲೆಯ ನೀರು ಹಾಕಿದರೆ ಕಪ್ಪಾಗದೇ ಇರುತ್ತದಾ? ಗದ್ದ ಊದಿಸುವ ಲಿವರ್ ಹುಳು, ಅಂದರೆ ಈಲಿಯಲ್ಲಿ (ಲಿವರಿನಲ್ಲಿ) ಬೆಳೆಯುವ ಚಪ್ಪಟೆ ಹುಳು, ನಿಮ್ಮ ಕುರಿಗೆ ಬಂದಿದ್ದರೆ ಅದರ ಮರಿ ಜಾಸ್ತಿ ಇರುವುದು ನೀರಂಚಿನ ಹುಲ್ಲಿನ ಮೇಲೆ. ಬಸವನ ಹುಳುವಿನಿಂದ ಹೊರಬಂದು, ಈಜಿ, ಹುಲ್ಲಿಗೆ ಅಂಟಿ, ಸುತ್ತ ಗೂಡು ಕಟ್ಟಿಕೊಂಡು ಕೂತಿರುತ್ತದೆ. ಕುರಿ ಆ ಹುಲ್ಲು ಮೇಯುತ್ತದೆ. ಒಂದು ಬಾಟಲಿ ನೀರಿನಲ್ಲಿ ಅದು ಸಿಗಲಿಲ್ಲ ಎಂದರೆ ಏನೂ ತಿಳಿದಂತಾಗಲಿಲ್ಲ.

ಈಗ ರಿಪೋರ್ಟಿನ ವಿಷಯ. ನಾಲ್ಕು ವರ್ಷದ ಹಿಂದೆ ನನ್ನ ಮಂದೆಯಲ್ಲೂ ಇದೇ ಆಯಿತು. ಎರಡು ಸಲ ‘ಮೊಟ್ಟೆ ಇಲ್ಲ’ ಅಂತ ಬಂತು. ನಾನು ಮೇವು ಸಾಲದೇನೋ ಅಂತ ಹಿಂಡಿ ಜಾಸ್ತಿ ಮಾಡಿಕೊಂಡು ಕೂತೆ. ಏಳು ಕುರಿ ಹೋದವು. ಕೊನೆಗೆ ಒಂದನ್ನು ಕೊಯ್ದಾಗ ಈಲಿಯ ನಾಳದಿಂದ ಚಪ್ಪಟೆ ಹುಳುಗಳು ಹೊರಬಂದವು, ಹುಣಸೆ ಎಲೆಯಷ್ಟು ಸಣ್ಣವಲ್ಲ, ಬೆರಳುದ್ದ! ಪರೀಕ್ಷೆ ಮಾಡಿದವರದು ತಪ್ಪಲ್ಲ. ಯಾವ ಪರೀಕ್ಷೆ ಬೇಕು ಅಂತ ನಾನೇ ಕೇಳಿರಲಿಲ್ಲ.

ಹಿಕ್ಕೆ ನೋಡುವುದರಲ್ಲಿ ಎರಡು ವಿಧಾನ ಇದೆ. ಒಂದು, ಉಪ್ಪಿನ ನೀರಿನಲ್ಲಿ ತೇಲಿಸಿ ನೋಡುವುದು. ಉಪ್ಪು ಇನ್ನು ಕರಗುವುದಿಲ್ಲ ಅನ್ನುವಷ್ಟು ಹಾಕಿದ ನೀರಿಗೆ ಹಿಕ್ಕೆ ಕಲಸಿದರೆ ದುಂಡು ಹುಳುಗಳ ಹಗುರ ಮೊಟ್ಟೆ ಮೇಲೆ ಬರುತ್ತವೆ. ರಕ್ತ ಹೀರುವ ಹೊಟ್ಟೆ ಹುಳು, ಮರಿಗಳಿಗೆ ಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಜೀವಿ, ಇವೆಲ್ಲ ಅದರಲ್ಲಿ ಸಿಗುತ್ತವೆ. ಲಿವರ್ ಹುಳುವಿನ ಮೊಟ್ಟೆ ಭಾರ. ಅದು ತೇಲುವುದಿಲ್ಲ, ಉಪ್ಪು ನೀರಿನಲ್ಲಿ ಮುದುಡಿಯೂ ಹೋಗುತ್ತದೆ. ಅದಕ್ಕೆ ಎರಡನೆಯ ವಿಧಾನ ಬೇಕು: ತಳಕ್ಕೆ ಇಳಿಸಿ ನೋಡುವುದು. ‘ಸೆಡಿಮೆಂಟೇಶನ್ ಮಾಡಿ’ ಅಂತ ಬಾಯಿಬಿಟ್ಟು ಹೇಳಿ. ನಾಲೆ ಬಯಲಿನ ಕುರಿ ಅಂತಲೂ ಹೇಳಿ.

ಮೈಕ್ರೋಸ್ಕೋಪ್ ಕೈಗೆ ಸಿಗುವವರು ಮನೆಯಲ್ಲೇ ಮಾಡಬಹುದು. ಕಾಲೇಜು ಹುಡುಗರ ಸಾಧಾರಣ ಮೈಕ್ರೋಸ್ಕೋಪ್, ನೂರು ಪಟ್ಟು ದೊಡ್ಡದಾಗಿ ಕಂಡರೆ ಸಾಕು. ನಾಲ್ಕೈದು ಹಿಕ್ಕೆಯನ್ನು ಒಂದು ಲೋಟ ನೀರಿನಲ್ಲಿ ಚೆನ್ನಾಗಿ ಹಿಸುಕಿ, ಹಳೆಯ ಟೀ ಜರಡಿಯಲ್ಲಿ ಸೋಸಿ, ಉದ್ದ ಗಾಜಿನ ಲೋಟದಲ್ಲಿ ಐದು ನಿಮಿಷ ಬಿಡಿ. ಮೇಲಿನ ನೀರನ್ನು ಮೆಲ್ಲಗೆ ಚೆಲ್ಲಿ, ಹೊಸ ನೀರು ತುಂಬಿ, ಮತ್ತೆ ಐದು ನಿಮಿಷ. ನೀರು ತಿಳಿಯಾಗುವವರೆಗೆ ಹೀಗೇ. ತಳದ ಗಸಿಗೆ ಒಂದು ಹನಿ ಮೆಥಿಲೀನ್ ಬ್ಲೂ ಹಾಕಿದರೆ ಹುಲ್ಲಿನ ಚೂರೆಲ್ಲ ನೀಲಿಯಾಗುತ್ತದೆ, ಲಿವರ್ ಹುಳುವಿನ ಮೊಟ್ಟೆ ಮಾತ್ರ ಹಳದಿಯಾಗಿ ಎದ್ದು ಕಾಣುತ್ತದೆ. ಅದೇ ಆಕಾರದ, ಬಣ್ಣವಿಲ್ಲದ ಮೊಟ್ಟೆ ಕಂಡರೆ ಅದು ಮೆಲುಕು ಹಾಕುವ ಹೊಟ್ಟೆಯ ಚಪ್ಪಟೆ ಹುಳು, ಆಂಫಿಸ್ಟೋಮ್. ಆ ಲೋಟ, ಜರಡಿ ಮತ್ತೆ ಅಡುಗೆಮನೆಗೆ ಹೋಗಬಾರದು. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಒಂದು ಜಗಳವೇ ಆಗಿದೆ.

ಹಿಕ್ಕೆಯನ್ನು ನೆಲದಿಂದ ಬಾಚಬೇಡಿ. ಗ್ಲೌಸ್ ಹಾಕಿ ಗುದದಿಂದಲೇ ತೆಗೆಯಿರಿ, ಎಂಟು ಹತ್ತು ಕುರಿಯದು, ಬೇರೆ ಬೇರೆ ಕವರಿನಲ್ಲಿ, ಗುರುತು ಬರೆದು. ಗದ್ದ ಊದಿದವೂ ಅದರಲ್ಲಿ ಇರಲಿ. ಲಿವರ್ ಹುಳುವಿನ ಮೊಟ್ಟೆ ಪಿತ್ತದ ಜೊತೆ ಬಿಟ್ಟು ಬಿಟ್ಟು ಬರುತ್ತದೆ, ಒಂದೇ ದಿನದ ಒಂದೇ ಕುರಿಯನ್ನು ನಂಬಲಾಗದು. ತಣ್ಣಗೆ ಇಟ್ಟುಕೊಂಡು ಅವತ್ತೇ ಕೊಡಿ, ಆದರೆ ಫ್ರೀಜರಿಗೆ ಹಾಕಬೇಡಿ.

ಇಷ್ಟೆಲ್ಲ ಮಾಡಿದರೂ ಮೊಟ್ಟೆ ಸಿಗದೇ ಇರಬಹುದು. ಕುರಿ ಹುಲ್ಲು ಮೇಯ್ದು ಸುಮಾರು ಮೂರು ತಿಂಗಳಾದ ಮೇಲಷ್ಟೇ ಹುಳು ಮೊಟ್ಟೆ ಇಡುವುದು. ಅಲ್ಲಿಯವರೆಗೆ ಮರಿಹುಳುಗಳು ಈಲಿಯನ್ನು ಕೊರೆಯುತ್ತಿರುತ್ತವೆ, ಜಾಸ್ತಿ ಇದ್ದರೆ ಕುರಿ ಅಷ್ಟರಲ್ಲೇ ಸಾಯುತ್ತದೆ. ಆಂಫಿಸ್ಟೋಮ್ ಇನ್ನೂ ಮೋಸ. ಅದರ ಮರಿಗಳು ಸಣ್ಣ ಕರುಳಿನಲ್ಲಿ ಇರುವಾಗಲೇ ನೀರು ನೀರಾದ, ಕೆಟ್ಟ ವಾಸನೆಯ ಭೇದಿ. ಆಗ ಹಿಕ್ಕೆಯಲ್ಲಿ ಒಂದು ಮೊಟ್ಟೆಯೂ ಇರುವುದಿಲ್ಲ. ಭೇದಿಯನ್ನು ಬಟ್ಟೆಯಲ್ಲಿ ಸೋಸಿ ನೋಡಿ, ಕೆಲವು ಸಲ ಅಕ್ಕಿ ನುಚ್ಚಿನಷ್ಟು ತಿಳಿಗೆಂಪು ಮರಿಹುಳು ಕಾಣುತ್ತವೆ.

ಅದಕ್ಕೇ ಹೇಳುವುದು, ಇನ್ನೊಂದು ಸತ್ತರೆ ಸುಮ್ನೆ ಹೂಳಬೇಡಿ. ಡಾಕ್ಟರನ್ನು ಕರೆಸಿ ಕೊಯ್ಸಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದವರು ಸಿಗುತ್ತಾರೆ. ಈಲಿಯನ್ನು ತೆಳುವಾಗಿ ಹೋಳು ಮಾಡಿ ಹಿಂಡಿದರೆ ಹುಳು ಹೊರಬರುತ್ತದೆ. ಆ ಈಲಿಯನ್ನು, ನೀರುಗುಳ್ಳೆ ಇರುವ ಶ್ವಾಸಕೋಶವನ್ನು ನಾಯಿಗೆ ಎಸೆಯಬೇಡಿ. ನೀರುಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಮತ್ತೆ ಕುರಿಗೂ ನಮಗೂ ಬರುತ್ತದೆ.

ಗದ್ದ ಊದಿದ್ದೆಲ್ಲ ಲಿವರ್ ಹುಳುವೇ ಅಂತಲೂ ಅಲ್ಲ. ರಕ್ತ ಹೀರುವ ಹುಳುವಿನಲ್ಲೂ ಊದುತ್ತದೆ. ಕೆಳಗಿನ ಕಣ್ಣುರೆಪ್ಪೆ ಬಿಡಿಸಿ ನೋಡಿ, ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ. ದಕ್ಷಿಣ ಆಫ್ರಿಕಾದವರು ಇದಕ್ಕೆ ಐದು ಬಣ್ಣದ ಫಮಾಚಾ ಚಾರ್ಟನ್ನೇ ಮಾಡಿದ್ದಾರೆ. ರಕ್ತ ಹೀರುವ ಹುಳು, ಲಿವರ್ ಹುಳು ಎರಡರಲ್ಲೂ ರೆಪ್ಪೆ ಬಿಳಿಚುತ್ತದೆ, ಹಾಗಾಗಿ ತೇಲಿಸುವ, ಇಳಿಸುವ ಎರಡೂ ಪರೀಕ್ಷೆ ಮಾಡಿಸಿ.

ನೀವು ಕುಡಿಸಿದ ಔಷಧಿಯ ಹೆಸರು ಬರೆದಿಲ್ಲ. ಡಬ್ಬಿ ನೋಡಿ. ಫೆನ್ಬೆಂಡಜೋಲ್ ಅಥವಾ ಐವರ್ಮೆಕ್ಟಿನ್ ಆಗಿದ್ದರೆ ಲಿವರ್ ಹುಳುವಿಗೆ ಅದು ಲೆಕ್ಕಕ್ಕೇ ಇಲ್ಲ. ಆಲ್ಬೆಂಡಜೋಲ್ ಬೆಳೆದ ಹುಳುವನ್ನು ಮಾತ್ರ, ಅದೂ ಹೆಚ್ಚಿನ ಡೋಸಿನಲ್ಲಿ ಕೊಲ್ಲುತ್ತದೆ. ಹೊಸದಾಗಿ ಗಬ್ಬ ಕಟ್ಟಿದ ಕುರಿಗೆ ಅದನ್ನು ಕೊಡಲೇಬಾರದು. ಮರಿಹುಳುವಿಗೂ ತಾಗುವುದು ಟ್ರೈಕ್ಲಾಬೆಂಡಜೋಲ್. ಆಂಫಿಸ್ಟೋಮಿಗೆ ಆಕ್ಸಿಕ್ಲೋಜನೈಡ್. ಯಾವುದು, ಎಷ್ಟು, ಕೊಟ್ಟ ಮೇಲೆ ಎಷ್ಟು ದಿನ ಮಾಂಸಕ್ಕೆ ಮಾರಬಾರದು, ಇದನ್ನು ಕುರಿ ತೂಕ ನೋಡಿ ಡಾಕ್ಟರೇ ಹೇಳಲಿ. ಕೊಟ್ಟು ಮೂರು ವಾರಕ್ಕೆ ಅದೇ ಕುರಿಗಳ ಹಿಕ್ಕೆ ಮತ್ತೆ ನೋಡಿಸಿ.

ಕೆಳಗೆ ಕಾಮೆಂಟಿನಲ್ಲಿ ಯಾರೋ ನಾಲೆಯಂಚಿಗೆ ಮೈಲುತುತ್ತ ಹಾಕಿ ಬಸವನ ಹುಳು ಸಾಯಿಸಿ ಎಂದಿದ್ದಾರೆ. ದಯವಿಟ್ಟು ಬೇಡ. ಮೀನು ಸಾಯುತ್ತವೆ, ಕುರಿಗೆ ತಾಮ್ರ ವಿಷ. ಅದರ ಬದಲು ನೀರು ನಿಲ್ಲುವ ಅಂಚಿಗೆ ಮುಳ್ಳುಬೇಲಿ ಹಾಕಿ, ಒಣ ದಿಣ್ಣೆಯಲ್ಲಿ ಮೇಯಿಸಿ, ಬೋರ್ ನೀರನ್ನು ತೊಟ್ಟಿಗೆ ಬಿಡಿ. ನಾನು ಹತ್ತು ಬಾತುಕೋಳಿ ಬಿಟ್ಟಿದ್ದೇನೆ, ಬಸವನ ಹುಳು ಕಮ್ಮಿಯಾಗಿವೆ, ಪಕ್ಕದ ಗದ್ದೆಯವರ ಬೈಗುಳ ಜಾಸ್ತಿಯಾಗಿದೆ.

ಡಬ್ಬಿಯ ಫೋಟೊ, ಕಣ್ಣುರೆಪ್ಪೆಯ ಫೋಟೊ ಎರಡನ್ನೂ ಇಲ್ಲೇ ಹಾಕಿ. ರೆಪ್ಪೆಯದನ್ನು ಬಿಸಿಲಿನಲ್ಲಿ ತೆಗೆಯಿರಿ, ಶೆಡ್ಡಿನ ಬಲ್ಬಿನ ಬೆಳಕಿನಲ್ಲಿ ಎಲ್ಲಾ ಕುರಿಯದೂ ಹಳದಿಯಾಗಿ ಕಾಣುತ್ತದೆ.